ಮುಖಕ್ಕೆ ಸಾಲದ ಮೆಮೊರಿ

ಕೈಮಾತಿನ ಪೆಟ್ಟಿಗೆಯನ್ನು ಮಾಡಿದ ಎಂಜಿನಿಯರುಗಳಿಗೆಲ್ಲ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಪೆಟ್ಟಿಗೆ ಊಟದ ಡಬ್ಬಿಯಷ್ಟು ದೊಡ್ಡದು. ಕಿವಿ ಕೇಳದವರು ಅದರ ಮುಂದೆ ಕೂತು ಕೈಯಲ್ಲಿ ಮಾತಾಡಿದರೆ ಅದು ವಿಡಿಯೊ ತೆಗೆಯುತ್ತಿರಲಿಲ್ಲ. ಮೊದಲ ಸಲ ಅವರ ಕೈ, ಮುಖದ ರೂಪವನ್ನು ಅಳೆದುಕೊಂಡು, ಆಮೇಲೆ ಬೆರಳು, ಮಣಿಕಟ್ಟು, ಹುಬ್ಬು, ತುಟಿ ಯಾವಾಗ ಎಷ್ಟು ಅಲುಗಿದವು ಎಂಬ ಅಂಕಿಗಳನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತಿತ್ತು. ಅಂಕಿಗಳು ಹಗುರ, ಸಿಗ್ನಲ್ ಸಿಕ್ಕೂ ಸಿಗದ ಊರಿಗೂ ಸಲೀಸಾಗಿ ಹೋಗುತ್ತಿದ್ದವು. ಆ ಕಡೆಯ ಲ್ಯಾಪ್‌ಟಾಪು ಅವುಗಳಿಂದ ಮನುಷ್ಯರನ್ನು ಮತ್ತೆ ಬಿಡಿಸಿ ತೋರಿಸುತ್ತಿತ್ತು. ಎದುರಿಗೇ ಬಂದು ಕೂತಷ್ಟು ಸ್ಪಷ್ಟ. ಬೇಕಾದರೆ ಆ ಆಕೃತಿಯನ್ನು ತಿರುಗಿಸಿಕೊಂಡು ಪಕ್ಕದಿಂದಲೂ ನೋಡಬಹುದಿತ್ತು.

ಹೀಗೆ ಬಿಡಿಸುವುದಕ್ಕೆ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಮೆಮೊರಿ ಬೇಕು. ಕೈಗಳಿಗೆ ಸ್ವಲ್ಪ ಸಾಕು, ಮುಖಕ್ಕೆ ತುಂಬ ಬೇಕು. ಹಾಗಾಗಿ ಪೆಟ್ಟಿಗೆಯ ಜೊತೆಗೆ ಬರುತ್ತಿದ್ದ ಕಂಪ್ಯೂಟರ್ ಕಾರ್ಯಕ್ರಮ ಮೊದಲು ಲ್ಯಾಪ್‌ಟಾಪನ್ನು 'ನಿನ್ನ ಹತ್ತಿರ ಮೆಮೊರಿ ಎಷ್ಟಿದೆ' ಎಂದು ಕೇಳುತ್ತಿತ್ತು. ಕಡಿಮೆ ಎಂದು ಉತ್ತರ ಬಂದರೆ ಕೈಗಳನ್ನು ಮಾತ್ರ ಬಿಡಿಸಿ, ಮುಖದ ಜಾಗದಲ್ಲಿ ಕಣ್ಣು ಬಾಯಿ ಇಲ್ಲದ ನುಣ್ಣನೆಯ ಒಂದು ಮೊಟ್ಟೆ ಇಟ್ಟುಬಿಡುತ್ತಿತ್ತು. ಮಾತೆಲ್ಲ ಕೈಯಲ್ಲೇ ಇದೆಯಲ್ಲ, ಮುಖ ಇದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡಿದ್ದರು ಆ ಮಹಾನುಭಾವರು.

ಕನ್ನಡದಲ್ಲಿ ಮಾತಿನ ಕೊನೆಗೊಂದು 'ಏನು' ಹಚ್ಚಿದರೆ ಪ್ರಶ್ನೆಯಾಗುತ್ತದೆ. ಕೈಮಾತಿನಲ್ಲಿ ಆ 'ಏನು' ಇರುವುದು ಹುಬ್ಬಿನಲ್ಲಿ. ಹುಬ್ಬು ಏರಿತೋ, ಕೇಳಿದ ಹಾಗೆ. ಏರಲಿಲ್ಲವೋ, ಹೇಳಿದ ಹಾಗೆ. ಮುಖ ಹೋದ ಮೇಲೆ ಕೇಳಿದ್ದು ಯಾವುದು, ಹೇಳಿದ್ದು ಯಾವುದು ಎಂದು ತಿಳಿಯುವುದು ಹೇಗೆ? 'ಒಪ್ಪಿಗೆ ಇಲ್ಲವೇನು' ಎಂದು ಹುಡುಗಿ ಕೇಳಿದ್ದನ್ನು 'ಒಪ್ಪಿಗೆ ಇಲ್ಲ' ಎಂದು ಓದಿಕೊಂಡು ಮುರಿದುಬಿದ್ದ ಮದುವೆಗಳಿದ್ದವು. ದೂರುಗಳು ಹೆಚ್ಚಾದವು, ಕಂಪನಿ ಬಾಗಿಲು ಹಾಕಿಕೊಂಡಿತು. ಜನರ ಮನೆಗಳಲ್ಲಿ ಮುಖವಿಲ್ಲದ ಸಂದೇಶಗಳು ಹಾಗೇ ಉಳಿದುಕೊಂಡವು.

ಅಂಥದ್ದೊಂದು ಸಂದೇಶ ಕೊಪ್ಪಳದ ದಾಕ್ಷಾಯಣಿಯ ಲ್ಯಾಪ್‌ಟಾಪಿನಲ್ಲಿತ್ತು.

ದಾಕ್ಷಾಯಣಿ ಸರಕಾರಿ ಶಾಲೆಯ ಟೀಚರು. ಆ ಕಡೆಯ ರೂಢಿಯಂತೆ ಊರಿಗೆಲ್ಲ ಅವಳು 'ಅಕ್ಕೋರು'. ಅವಳು ಬಾಯಿತುಂಬ ಅಕ್ಕ ಎಂದು ಕರೆಯಬೇಕಾದವಳು ಮಾತ್ರ ಈಗ ಇರಲಿಲ್ಲ. ಇದ್ದಾಗಲೂ ಕರೆದರೆ ಅವಳಿಗೆ ಕೇಳಿಸುತ್ತಿರಲಿಲ್ಲ. ಅಕ್ಕ ಶಿವಗಂಗಾ ಹುಟ್ಟಿನಿಂದಲೇ ಕಿವುಡಿ. ಮದುವೆಯಾಗದೆ ಗದಗಿನಲ್ಲೇ ಉಳಿದು, ಒಂದು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ದಾಕ್ಷಾಯಣಿಗೆ ತವರು ಎಂದರೆ ಅಕ್ಕನೇ. ನಾಗರ ಪಂಚಮಿ ಬಂತೆಂದರೆ ಗದಗಿನ ರೈಲು ಹತ್ತುವಳು. ಇಬ್ಬರೂ ಕೂತು ಹಬ್ಬದ ಉಂಡಿ ಕಟ್ಟುವರು. ಕೈಗೆಲ್ಲ ಬೆಲ್ಲದ ಪಾಕ ಮೆತ್ತಿಕೊಂಡಾಗ ಮಾತು ನಿಲ್ಲಬೇಕಲ್ಲ, ಆಗ ಅಕ್ಕ ಬರೀ ಮುಖದಲ್ಲೇ ಓಣಿಯವರನ್ನೆಲ್ಲ ಆಡಿಕೊಂಡು ತಂಗಿಯನ್ನು ನಗಿಸುತ್ತಿದ್ದಳು.

ಜಗಳವಾದದ್ದು ಆಸ್ಪತ್ರೆಯಲ್ಲಿ. ಕಿವಿಯೊಳಗೆ ಯಂತ್ರ ಕೂರಿಸುವ ಹೊಸ ಶಸ್ತ್ರಚಿಕಿತ್ಸೆಯ ಸುದ್ದಿ ಕೇಳಿ ದಾಕ್ಷಾಯಣಿಯೇ ಅಕ್ಕನನ್ನು ಕರೆದುಕೊಂಡು ಹೋಗಿದ್ದಳು. ಅಕ್ಕ ಬೇಡ ಎಂದಳು. ತನಗೇನೂ ಕಡಿಮೆಯಾಗಿಲ್ಲ ಎಂದಳು. ಆಗ ದಾಕ್ಷಾಯಣಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಡಾಕ್ಟರ ಕಡೆ ತಿರುಗಿ, ಬಾಯಲ್ಲಿ ಮಾತಾಡಿದಳು. 'ಅಕಿಗೆ ತಿಳಿಯೂದಿಲ್ಲ ಬಿಡ್ರಿ, ನಾವs ನಿರ್ಧಾರ ಮಾಡೂಣು' ಎಂದಳು. ಅಕ್ಕನಿಗೆ ಆ ಮಾತು ಕೇಳಿಸಲಿಲ್ಲ, ಆದರೆ ಕೆಳಗಿಟ್ಟ ಆ ಕೈಗಳು ಕಂಡವು. ಹುಟ್ಟಿದಾಗಿನಿಂದ ತನ್ನೆದುರು ತಂಗಿ ಕೈ ಕೆಳಗಿಟ್ಟು ಮಾತಾಡಿದ್ದು ಅದೇ ಮೊದಲು. ಅವಳು ಹುಬ್ಬು ಗಂಟಿಕ್ಕಿ ಒಮ್ಮೆ ನೋಡಿ, ಎದ್ದು ಹೊರಗೆ ಹೋಗಿಬಿಟ್ಟಳು.

ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಮಾತಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಪೆಟ್ಟಿಗೆಯಿಂದ ಒಂದು ಸಂದೇಶ ಬಂತು. ಲ್ಯಾಪ್‌ಟಾಪು ಎಂದಿನಂತೆ ಕೈಗಳನ್ನಷ್ಟೇ ತೋರಿಸಿತು. ಎರಡು ಮುಷ್ಟಿಗಳು ಹಬ್ಬದ ಜೋಕಾಲಿಯ ಹಗ್ಗ ಹಿಡಿದಂತೆ ಜೀಕಿದವು: ಪಂಚಮಿ. ತೋರುಬೆರಳು ಇತ್ತ ಚಾಚಿತು: ನೀನು. ಬೆರಳುಗಳು ಒಳಗೆ ಮಡಿಚಿದವು: ಬರುವುದು. ಅಂಗೈ ಆಡಿತು: ಇಲ್ಲ. ಕೈಗಳು ಕೆಳಗಿಳಿದವು, ಸಂದೇಶ ಮುಗಿಯಿತೆಂದು ಪರದೆ ಮುಚ್ಚಿಕೊಂಡಿತು.

'ಪಂಚಮಿಗೆ ನೀ ಬರೂದಿಲ್ಲ.' ಹಾಗೆ ಓದಿಕೊಂಡಳು ದಾಕ್ಷಾಯಣಿ. ಮುಖವಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆಸ್ಪತ್ರೆಯಲ್ಲಿ ಕಂಡ ಆ ಗಂಟಿಕ್ಕಿದ ಹುಬ್ಬು ಕಣ್ಣಲ್ಲೇ ಇತ್ತು. ಖಾಲಿ ಮೊಟ್ಟೆಯ ಮೇಲೆ ತಾನೇ ಅದನ್ನು ತಂದು ಕೂರಿಸಿದಳು. ಬರಬೇಡ ಎಂದವಳ ಮನೆಗೆ ಹೋಗಲು ನನಗೇನು ಗ್ರಹಚಾರ ಎಂದು ಉರಿದುಕೊಂಡು, ತಾನೂ ಪೆಟ್ಟಿಗೆಯ ಮುಂದೆ ಕೂತು ಒಂದೇ ಒಂದು ಸನ್ನೆ ಕಳಿಸಿದಳು: 'ಹೂಂ.' ಪಂಚಮಿಗೆ ಗದಗಿಗೆ ಹೋಗಲಿಲ್ಲ. ಶ್ರಾವಣ ಮುಗಿಯುವ ಮೊದಲೇ ಅಕ್ಕನಿಗೆ ಎದೆನೋವು ಬಂತು. ಪ್ರೆಸ್ಸಿನವರು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾಗಿ ಎಷ್ಟೋ ಪಂಚಮಿಗಳು ಹೋದವು. ದಾಕ್ಷಾಯಣಿ ದಿನಾ ಶಾಲೆಯಿಂದ ಬಂದು, ಚಹಾ ಕುಡಿದು, ಆ ಹಳೆಯ ಲ್ಯಾಪ್‌ಟಾಪು ತೆರೆಯುತ್ತಿದ್ದಳು. ಆಕೃತಿಯನ್ನು ಸ್ವಲ್ಪ ತಿರುಗಿಸಿಕೊಂಡು, ಸಣ್ಣವಳಿದ್ದಾಗ ಕೂರುತ್ತಿದ್ದಂತೆ ಅಕ್ಕನ ಎಡಗಡೆ ಕೂತು, ಆ ನಾಲ್ಕು ಸನ್ನೆಗಳನ್ನು ನೋಡುತ್ತಿದ್ದಳು. ಸೂಜಿ ಹಿಡಿದು ಹಿಡಿದು ಸೊಟ್ಟಗಾದ ಕಿರುಬೆರಳು ಕೂಡ ಇದ್ದ ಹಾಗೇ ಇತ್ತು. ಗೋಡೆಯ ಮೇಲೆ ಅಕ್ಕನ ಫೋಟೊಗಳಿಲ್ಲದೆ ಇರಲಿಲ್ಲ. ಆದರೆ ಅಕ್ಕ ಮೂಕಿಯಾಗಿ ಕಾಣುತ್ತಿದ್ದುದು ಫೋಟೊಗಳಲ್ಲಿ ಮಾತ್ರ. ಅವಳಿಗೆ ಬೇಕಾದದ್ದು ಅಲುಗಾಡುವ ಆ ಮುಖ, ಅದರ ಮೇಲಿನ ಹುಬ್ಬು. ಅಕ್ಕ ಬರಬೇಡ ಎಂದಿದ್ದಳೋ, ಬರುವುದಿಲ್ಲವೇ ಎಂದು ಕೇಳಿದ್ದಳೋ? ಕೇಳಿದ್ದಾಗಿದ್ದರೆ ತಾನು ಕಳಿಸಿದ 'ಹೂಂ' ಅವಳಿಗೆ ಏನೆಂದು ಮುಟ್ಟಿರಬೇಕು? ಅಲ್ಲಿಗೆ ಬಂದಾಗ ಅವಳ ಯೋಚನೆ ನಿಂತುಬಿಡುತ್ತಿತ್ತು.

ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹಳೆಯ ಕೈಮಾತಿನ ಸಂದೇಶಗಳನ್ನು ಉಳಿಸಿಡುವ ಲ್ಯಾಬ್ ಇದೆ ಎಂದು ತಿಳಿದು, ಒಂದು ಭಾನುವಾರ ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಹೊರಟಳು. ಲ್ಯಾಬ್ ನೋಡಿಕೊಳ್ಳುತ್ತಿದ್ದವಳು ತಬಸ್ಸುಮ್ ನದಾಫ್. ಮೂವತ್ತರ ಆಸುಪಾಸಿನ ಹೆಂಗಸು. ಅಪ್ಪ ಅಮ್ಮ ಇಬ್ಬರೂ ಕಿವುಡರಾಗಿದ್ದರಿಂದ ಕೈಮಾತು ಅವಳಿಗೆ ಹಾಲಿನ ಜೊತೆಗೇ ಬಂದದ್ದು. ಸಂದೇಶವನ್ನು ಹೊಸ ಕಂಪ್ಯೂಟರಿಗೆ ಹಾಕಿಕೊಡಲು ಬರುವುದಿಲ್ಲವೇ ಎಂದು ದಾಕ್ಷಾಯಣಿ ಕೇಳಿದಳು. ಆಗದು ಎಂದಳು ತಬಸ್ಸುಮ್. ಖಾಸಗಿತನ ಕಾಯುತ್ತೇವೆಂದು ಹೇಳಿ ಕಂಪನಿ ಪ್ರತಿ ಸಂದೇಶವನ್ನೂ ಅದು ತಲುಪಿದ ಲ್ಯಾಪ್‌ಟಾಪಿಗೇ ಬೀಗ ಹಾಕಿ ಕೂರಿಸಿತ್ತು. ಪರದೆಯನ್ನು ಮೊಬೈಲಿನಲ್ಲಿ ಹಿಡಿಯಲು ಹೋದರೆ ಬರೀ ಪಟ್ಟೆಪಟ್ಟೆ ಬರುವಂತೆಯೂ ಮಾಡಿತ್ತು. ಈ ಲ್ಯಾಪ್‌ಟಾಪು ಇದ್ದರೆ ಸಂದೇಶ ಉಂಟು, ಇದು ಹೋದರೆ ಸಂದೇಶವೂ ಹೋಯಿತು.

ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಯುನಿಕ್ಸ್ ಎಂಬ ಕುಲದ, ಯಂತ್ರವನ್ನು ನಡೆಸುವ ಒಂದು ಹಳೆಯ ವ್ಯವಸ್ಥೆ. ಒಳಗಿನ ವಿವರ ಕೇಳುವಾಗ ಅದರ ಹತ್ತಿರ ಚಿತ್ರ, ಗುಂಡಿಗಳ ಒಯ್ಯಾರವಿಲ್ಲ. ಕಪ್ಪು ಪರದೆಯ ಮೇಲೆ ಏನು ಬೇಕೆಂದು ಅಕ್ಷರದಲ್ಲಿ ಬರೆದು ಕೇಳಬೇಕು. ತಬಸ್ಸುಮ್ ಯಂತ್ರದೊಳಗಿನ ಭಾಗಗಳ ವಿವರ ಕೇಳಿದಳು. ಸಾಲುಸಾಲಾಗಿ ಉತ್ತರ ಬಂತು. ಗ್ರಾಫಿಕ್ಸ್ ಚಿಪ್ಪಿನ ಮುಂದೆ, ಮೆಮೊರಿ ಇನ್ನೂರೈವತ್ತಾರು ಎಂಬಿ ಎಂದಿತ್ತು. ಮುಖಕ್ಕೆ ಬೇಕಾದದ್ದು ಅದರ ಹತ್ತರಷ್ಟು.

"ಸಾಲೂದಿಲ್ರಿ ಅಕ್ಕೋರ," ಎಂದಳು ತಬಸ್ಸುಮ್. ಇದೇ ಮಾತನ್ನು ಎಷ್ಟೋ ಜನರಿಗೆ ಹೇಳಿ ರೂಢಿಯಾಗಿತ್ತು, ಆದರೂ ದಾಕ್ಷಾಯಣಿಯ ಮುಖ ನೋಡಿ ಸಂಕಟವಾಯಿತು. ಬಂದದ್ದಕ್ಕೆ ಫ್ಯಾನಿನ ಧೂಳಾದರೂ ತೆಗೆದುಕೊಡುತ್ತೇನೆ, ನಾಲ್ಕು ದಿನ ಇಲ್ಲೇ ಇರಲಿ ಎಂದಳು. ಬಿಟ್ಟು ಹೋಗಲು ದಾಕ್ಷಾಯಣಿಗೆ ಮನಸ್ಸು ಬರಲಿಲ್ಲ, ಆದರೂ ಒಪ್ಪಿದಳು. ಸುತ್ತಿ ತಂದ ಸೀರೆಯನ್ನೂ ಅಲ್ಲೇ ಬಿಟ್ಟು, ಲ್ಯಾಪ್‌ಟಾಪಿಗೆ ಹೊದಿಸಿಡಿ ಎಂದು ಹೇಳಿ ಬಂದಳು.

ಆ ನಾಲ್ಕು ದಿನ ಮನೆಯಲ್ಲಿ ಸಂಜೆಯಾಗುವುದೇ ಬೇಡವಾಗಿತ್ತು. ಚಹಾ ಕುಡಿದು ಟೇಬಲ್ಲಿನ ಮುಂದೆ ಕೂತು, ಅಲ್ಲಿ ಏನೂ ಇಲ್ಲವೆಂದು ನೆನಪಾಗಿ ಏಳುತ್ತಿದ್ದಳು. ಗಂಡ ಮಹಾಂತೇಶ ಸಹಕಾರಿ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, ಮಾತು ಕಡಿಮೆ. ಅವನು ಸುಮ್ಮನೆ ಎದುರು ಬಂದು ಕೂತು, ಪೇಪರು ಓದುವ ನೆಪದಲ್ಲಿ ಜೊತೆಗಿರುತ್ತಿದ್ದ.

ಹುಬ್ಬಳ್ಳಿಯಲ್ಲಿ ತಬಸ್ಸುಮ್ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಧೂಳು ಊದಿ, ಗ್ರಾಫಿಕ್ಸ್ ಚಿಪ್ಪಿನ ಮೇಲೆ ಶಾಖ ತಗ್ಗಲೆಂದು ಹಚ್ಚಿದ್ದ, ಈಗ ಒಣಗಿದ್ದ ಪೇಸ್ಟನ್ನು ಒರೆಸುತ್ತಿದ್ದಳು. ಚಿಪ್ಪಿನ ಸುತ್ತ ಮೆಮೊರಿಯ ಕರಿ ಬಿಲ್ಲೆಗಳಿದ್ದವು. ಸಹಜ ಕುತೂಹಲಕ್ಕೆ ಅವುಗಳ ಮೇಲಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದಳು. ಇನ್ನೊಮ್ಮೆ ಓದಿದಳು. ಕೂಡಿಸಿ ನೋಡಿದರೆ ನಾಲ್ಕು ಜಿಬಿ ಆಗುತ್ತಿತ್ತು. ಕಣ್ಣೆದುರಿಗೆ ನಾಲ್ಕು ಜಿಬಿ ಕೂತಿದೆ, ವ್ಯವಸ್ಥೆ ಇನ್ನೂರೈವತ್ತಾರು ಎಂಬಿ ಎನ್ನುತ್ತಿದೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿರಬೇಕು.

ಎರಡೂ ನಿಜವನ್ನೇ ಹೇಳುತ್ತಿದ್ದವು. ಅದು ಅವಳಿಗೆ ಹೊಳೆದದ್ದು ಗ್ರಾಫಿಕ್ಸ್ ಚಿಪ್ಪನ್ನು ಓಡಿಸುವ ಡ್ರೈವರು ಎಂಬ ತಂತ್ರಾಂಶ ಯಂತ್ರ ಏಳುವಾಗ ಬರೆದುಕೊಂಡಿದ್ದ ಸಾಲುಗಳನ್ನು ತೆಗೆದು ಓದಿದಾಗ. ಮೆಮೊರಿ ನಾಲ್ಕು ಜಿಬಿ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಭಾಗಗಳ ವಿವರದಲ್ಲಿದ್ದ ಇನ್ನೂರೈವತ್ತಾರು, ಪ್ರೊಸೆಸರು ಆ ಮೆಮೊರಿಯೊಳಗೆ ಒಂದು ಸಲಕ್ಕೆ ಇಣುಕಿ ನೋಡಬಹುದಾದ ಕಿಂಡಿಯ ಅಳತೆ. ಕೈಮಾತಿನ ಕಾರ್ಯಕ್ರಮ ಬರೆದವರು ಆ ಕಿಂಡಿಯನ್ನೇ ಮೆಮೊರಿ ಎಂದು ಎಣಿಸಿಕೊಂಡಿದ್ದರು. ವರ್ಷಗಟ್ಟಲೆ ತಬಸ್ಸುಮ್ ಕೂಡ ಹಾಗೇ ಎಣಿಸಿಕೊಂಡು ಜನರನ್ನು ವಾಪಸ್ ಕಳಿಸಿದ್ದಳು. ಕೂಡಲೇ ದಾಕ್ಷಾಯಣಿಗೆ ಫೋನು ಮಾಡಿದಳು.

"ಬಾಗಲಾ ನೋಡಿ ಮನಿ ಎಷ್ಟೈತಿ ಅಂತ ಹೇಳಿದಂಗ ಆಗೇತ್ರಿ ಅಕ್ಕೋರ. ನಂದs ತಪ್ಪು. ಮುಖಕ್ಕ ಜಾಗಾ ಐತಿ."

ಆದರೆ ತಬಸ್ಸುಮ್‌ಳ ಮಾತು ಮುಗಿದಿರಲಿಲ್ಲ. ಕಾರ್ಯಕ್ರಮಕ್ಕೆ ನಿಜವಾದ ಲೆಕ್ಕ ತಿಳಿಸುವುದು ಒಂದು ಸಾಲಿನ ಕೆಲಸ. ಕಷ್ಟ ಇರುವುದು ಚಿಪ್ಪಿನಲ್ಲಿ. ಇಷ್ಟು ವರ್ಷ ಕೈಗಳನ್ನು ಮಾತ್ರ ಬಿಡಿಸುತ್ತ ಅದು ಅರ್ಧ ನಿದ್ದೆಯಲ್ಲೇ ಕಳೆದಿದೆ. ಅದರ ಬೆಸುಗೆ ಹಳೆಯದಾಗಿ ಬಿರುಕು ಬಿಟ್ಟಿದೆ. ಮುಖ ಬಿಡಿಸಲು ಪೂರ್ತಿ ಎಬ್ಬಿಸಿದರೆ ಕಾಯುತ್ತದೆ, ಕಾದರೆ ಬೆಸುಗೆ ಬಿಟ್ಟುಕೊಳ್ಳಬಹುದು. ಮತ್ತೆ ಬೆಸೆಯಲು ಹೋದರೆ, ಸಂದೇಶಕ್ಕೆ ಹಾಕಿದ ಬೀಗದ ಕೀಲಿ ಇರುವ ಭಾಗವೂ ಅದೇ ಹಲಗೆಯ ಮೇಲಿದೆ, ಆ ಶಾಖಕ್ಕೆ ಅದು ಉಳಿಯುವುದಿಲ್ಲ. ಒಂದು ಸಲ ನೋಡಲು ಸಿಗಬಹುದು. ಅದೂ ಸಿಗದೆ ಹೋಗಬಹುದು. ಆಮೇಲೆ ಕೈಗಳೂ ಇರುವುದಿಲ್ಲ. ಯೋಚನೆ ಮಾಡಿ ಹೇಳಿ ಎಂದಳು.

ದಾಕ್ಷಾಯಣಿ ಯೋಚನೆ ಮಾಡಿದಳು. ಅಡುಗೆ ಮಾಡುವಾಗ, ಶಾಲೆಯಲ್ಲಿ ಹಾಜರಿ ಕೂಗುವಾಗ ಅದೇ ಯೋಚನೆ. ಆ ಕೈಗಳಿಲ್ಲದ ಸಂಜೆ ಹೇಗಿರುತ್ತದೆಂದು ಈಗಷ್ಟೇ ಕಂಡಿದ್ದಳು. ಅಂಥ ಸಂಜೆಗಳೇ ಕೊನೆಯವರೆಗೂ ಎಂದರೆ ಜೀವ ಹಿಂಡಿದಂತಾಗುತ್ತಿತ್ತು. ಮಹಾಂತೇಶನನ್ನು ಕೇಳಿದಳು.

"ಇರೂದನ್ನ ಯಾಕ ಕಳಕೋತಿ," ಎಂದ ಅವನು. "ಅಕಿ ಕರದಿದ್ಲು ಅಂತ ಗೊತ್ತಾತಂದ್ರ, ತಡಕೊಳ್ಳಾಕ ಆಗತೇತೇನು ನಿನಗ?"

"ಆಗೂದಿಲ್ಲ," ಎಂದಳು ದಾಕ್ಷಾಯಣಿ. "ಆದ್ರ ದಿನಾ ಆ ಮೊಟ್ಟಿಗೆ ಸಿಟ್ಟಿನ ಮಾರಿ ಹಚ್ಚಿ ನೋಡಾಕತ್ತೀನ್ರಿ ನಾ. ಅದು ಅಕಿದಲ್ಲ. ಅಕಿದು ಹೆಂಗಿತ್ತೋ ಹಂಗ ನೋಡಬೇಕು. ಬರಬ್ಯಾಡ ಅಂದಿದ್ರೂ ಸೈ."

ಮರುವಾರ ಹುಬ್ಬಳ್ಳಿಗೆ ಹೊರಟಳು. ಮಹಾಂತೇಶ ಸ್ಟೇಷನ್ನಿಗೆ ಬಂದು ಹತ್ತಿಸಿದ. ಜೊತೆಗೆ ಬರುವುದಿಲ್ಲ, ಅಕ್ಕ ತಂಗಿ ನಡುವೆ ನಾನೇಕೆ ಎಂದ. ರೈಲು ಗದಗಿನಲ್ಲಿ ನಿಂತಾಗ ಕಿಟಕಿಯಿಂದ ಪ್ಲಾಟ್‌ಫಾರ್ಮು ನೋಡಿದಳು. ಪಂಚಮಿಯ ಹಿಂದಿನ ದಿನ ಅಕ್ಕ ಬಂದು ನಿಲ್ಲುತ್ತಿದ್ದದ್ದು ಇಲ್ಲೇ. ರೈಲಿನ ಸದ್ದು ಕೇಳದ ಅಕ್ಕ ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಿಂತು, ಅಂಗಾಲಿಗೆ ನಡುಕ ಬಂದ ಕೂಡಲೇ ತಲೆ ಎತ್ತುತ್ತಿದ್ದಳು. ಇಳಿದುಬಿಡೋಣ ಎನ್ನಿಸಿತು ದಾಕ್ಷಾಯಣಿಗೆ, ಇಳಿದು ಹೋಗುವುದಾದರೂ ಯಾರ ಮನೆಗೆ? ಅವಳಿಗೆ ಅಕ್ಕ ಬೇಕಾಗಿದ್ದಳು. ಅಷ್ಟೇ, ಬೇರೇನೂ ಬೇಕಾಗಿರಲಿಲ್ಲ.

ಲ್ಯಾಬಿನಲ್ಲಿ ತಬಸ್ಸುಮ್ ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಲ್ಯಾಪ್‌ಟಾಪಿನ ಬೆನ್ನು ತೆರೆದಿತ್ತು, ಎರಡು ಕಡೆಯಿಂದ ಟೇಬಲ್ ಫ್ಯಾನುಗಳು ಗಾಳಿ ಬೀಸುತ್ತಿದ್ದವು. ಪಕ್ಕದ ಪರದೆಯಲ್ಲಿ ಚಿಪ್ಪಿನ ಶಾಖದ ಅಂಕಿ ಕಾಣುತ್ತಿತ್ತು. ಕಾರ್ಯಕ್ರಮದಲ್ಲಿ ಒಂದು ಸಾಲು ಬದಲಿಸಿದ್ದಾಗಿತ್ತು: ಇನ್ನು ಅದು ಕಿಂಡಿಯನ್ನು ಕೇಳುವುದಿಲ್ಲ, ಡ್ರೈವರನ್ನು ಕೇಳುತ್ತದೆ. ದಾಕ್ಷಾಯಣಿ ಎಡಗಡೆ ಕೂರಲು ಹೋಗಿ, ಬೇಡವೆಂದು ಎದುರಿಗೇ ಕುರ್ಚಿ ಎಳೆದುಕೊಂಡಳು. ತಬಸ್ಸುಮ್ ಕೀಲಿ ಒತ್ತಿದಳು.

ಮೊದಲು ಆ ನುಣ್ಣನೆಯ ಮೊಟ್ಟೆಯೇ ಬಂತು. ಬಹಳ ಹೊತ್ತು ಅದೇ ಇತ್ತು. ಆಮೇಲೆ ಅದರ ಮೇಲೆ ಹಣೆಯ ಗೆರೆಗಳು ಮೂಡಿದವು, ಮೂಗು ಬಂತು, ಕಣ್ಣು ಬಂದವು, ಕೆನ್ನೆಯ ಮೇಲಿನ ಮಚ್ಚೆ ತನ್ನ ಜಾಗದಲ್ಲಿ ಬಂದು ಕೂತಿತು. ಶಿವಗಂಗಾ ತಂಗಿಯನ್ನು ನೋಡಿದಳು. ಮಾತು ಶುರು ಮಾಡುವ ಮುಂಚೆ ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ತಂದಳು. ಹೀಗೆ ಮಾಡುತ್ತಿದ್ದಳು ಎಂಬುದನ್ನೇ ದಾಕ್ಷಾಯಣಿ ಮರೆತಿದ್ದಳು. ಅವಳ ಕಣ್ಣು ತುಂಬಿಕೊಂಡವು. ನೋಡುವುದು ತಪ್ಪೀತೆಂದು ಬೇಗ ಬೇಗ ಒರೆಸಿಕೊಂಡಳು.

ಮುಷ್ಟಿಗಳು ಜೋಕಾಲಿ ಜೀಕಿದವು. ಅಕ್ಕನ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. ಬೆರಳು ಚಾಚಿತು. ಬೆರಳುಗಳು ಮಡಿಚಿದವು. ಅಂಗೈ ಆಡಿತು, ಅದರ ಜೊತೆಗೇ ಎರಡೂ ಹುಬ್ಬು ಮೇಲೇರಿದವು.

ಕೈಗಳು ಮಡಿಲಿಗೆ ಇಳಿದವು. ಇಷ್ಟು ವರ್ಷ ಪರದೆ ಮುಚ್ಚಿಕೊಳ್ಳುತ್ತಿದ್ದದ್ದು ಇಲ್ಲೇ. ಕೈ ನಿಂತರೆ ಸಂದೇಶ ಮುಗಿಯಿತೆಂದು ಕಾರ್ಯಕ್ರಮ ತಿಳಿದುಕೊಳ್ಳುತ್ತಿತ್ತು. ಈಗ ಮುಖ ಇತ್ತು, ಹಾಗಾಗಿ ಅದು ಮುಚ್ಚಲಿಲ್ಲ. ಅಕ್ಕನ ಹುಬ್ಬು ಏರಿದ್ದು ಏರಿದಂತೆಯೇ ಇತ್ತು. ಕೈಮಾತಿನವರು ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ಹುಬ್ಬು ಇಳಿಸುವುದಿಲ್ಲ. ಪೆಟ್ಟಿಗೆಯ ಮುಂದೆ ಕೂತಿದ್ದೇನೆ, ಉತ್ತರ ಈಗಲೇ ಬರುವಂಥದ್ದಲ್ಲ ಎಂದು ಅಕ್ಕನಿಗೆ ಗೊತ್ತಿರದೆ ಏನು. ಆದರೂ ಅವಳು ಎದ್ದು ಪೆಟ್ಟಿಗೆ ಆರಿಸಿರಲಿಲ್ಲ. ಕಣ್ಣು ಮಿಟುಕಿಸಿದಳು, ತುಸು ಮುಂದಕ್ಕೆ ಬಾಗಿದಳು, ತಂಗಿಯ ಮುಖವನ್ನೇ ನೋಡುತ್ತ ಕಾದಳು.

ಶಾಖದ ಅಂಕಿ ಕೆಂಪಾಯಿತು. ಸಂದೇಶದ ಮಾತು ಮುಗಿದಿದೆ, ಈಗ ಆರಿಸಿದರೆ ಚಿಪ್ಪು ಉಳಿದೀತು ಎಂದು ತಬಸ್ಸುಮ್ ಕೀಲಿಯ ಕಡೆ ಕೈ ಚಾಚಿದಳು. ದಾಕ್ಷಾಯಣಿ ಆ ಕೈ ಹಿಡಿದಳು.

"ಬ್ಯಾಡ," ಎಂದಳು. "ಕಾಯಾಕತ್ತಾಳ."

ತಬಸ್ಸುಮ್ ಕೈ ಹಿಂದಕ್ಕೆ ತೆಗೆದುಕೊಂಡಳು. ದಾಕ್ಷಾಯಣಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಕೈಗಳನ್ನು ಮಡಿಲಿನಿಂದ ಎತ್ತಿ, ಅಕ್ಕನ ಕಣ್ಣಿನ ಎತ್ತರಕ್ಕೆ ತಂದಳು. ನಾನು ಎಂದಳು. ಬರುತ್ತೇನೆ ಎಂದಳು. ಅಕ್ಕ ಹುಬ್ಬು ಇಳಿಸಲಿಲ್ಲ. ಇನ್ನೊಮ್ಮೆ, ಇನ್ನೂ ದೊಡ್ಡದಾಗಿ, ದೂರದಲ್ಲಿದ್ದವರಿಗೆ ಕಾಣುವಂತೆ ಹೇಳಿದಳು. ಪರದೆಯ ಮೇಲೆ ಅಡ್ಡಗೆರೆಗಳು ಹರಿದವು. ಅವುಗಳ ಹಿಂದೆ ಅಕ್ಕ ಹಾಗೇ ನೋಡುತ್ತಿದ್ದಳು. ಒಮ್ಮೆ ಎಲ್ಲ ಬೆಳ್ಳಗಾಗಿ, ಆಮೇಲೆ ಕಪ್ಪಾಯಿತು.

ತಬಸ್ಸುಮ್ ತಿರುಗಿ ಮುರುಗಿ ಒತ್ತಿ ನೋಡಿದಳು. ಫ್ಯಾನು ತಿರುಗಿತು, ಅಷ್ಟೇ. ಅವಳು ದಾಕ್ಷಾಯಣಿಯ ಹೆಗಲ ಮೇಲೆ ಕೈಯಿಟ್ಟು ನಿಂತಳು. ದಾಕ್ಷಾಯಣಿ ಅತ್ತಳು. ಕರೆದಿದ್ದಳು ಅಕ್ಕ. ಹೋಗಲಿಲ್ಲ ತಾನು. ಎರಡೂ ಒಟ್ಟಿಗೇ ಎದೆಯಲ್ಲಿ ತುಂಬಿಕೊಂಡು, ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ಮಹಾಂತೇಶ. ಏನಾಯಿತು, ಅಕ್ಕ ಏನೆಂದಳು ಎಂದು ಮೆಲ್ಲಗೆ ಕೇಳಿದ. ದಾಕ್ಷಾಯಣಿ ಮೂಗು ಒರೆಸಿಕೊಂಡಳು.

"ಪಂಚಮಿಗೆ ಬರೂದಿಲ್ಲೇನು ಅಂತ ಕೇಳ್ಯಾಳ," ಎಂದಳು. "ಕೇಳಿ, ಕಾಯಕೋತ ಕುಂತಾಳ್ರಿ."